ಸದ್ದಿಲ್ಲದ ರೈಟ್ ಔಟ್

ಬೇರೆಯವರ ಕಾಲು ನೋಡಿ ಷರಾ ಬರೆಯೋ ಕೆಲಸಕ್ಕೆ ಇಳಿದವನಿಗೆ ಇಂಥ ಪೇಚುಗಳು ತಪ್ಪೋದಿಲ್ಲ. ಒಂದು ಮುಗೀತು ಅಂತ ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಮೈದಾನದ ಆ ಕಡೆಯಿಂದ ಎದ್ದು ಬರುತ್ತೆ.

ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸ್ ಗುಮಾಸ್ತನಾಗಿದ್ದೆ. ಅದಕ್ಕೆ ಮುಂಚೆ ಅದೇ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಲೆಫ್ಟ್ ಬ್ಯಾಕ್. ಮಂಡಿ ಕೈಕೊಟ್ಟ ಮೇಲೆ ನನ್ನನ್ನು ಆಟದಿಂದ ಬಿಡಿಸಿ, ಆಟಗಾರರನ್ನು ಹುಡುಕೋ ಕೆಲಸಕ್ಕೆ ಹಾಕಿದರು. ಎಪ್ಪತ್ತರ ದಶಕದ ಕೊನೆ ಅದು. ಬೆಂಗಳೂರಿನ ಕಾರ್ಖಾನೆಗಳಿಗೆಲ್ಲ ಫುಟ್‌ಬಾಲ್ ಹುಚ್ಚು. ಕಾಲೇಜಿನಲ್ಲಿ ಚೆನ್ನಾಗಿ ಆಡುವ ಹುಡುಗ ಕಣ್ಣಿಗೆ ಬಿದ್ದರೆ ನೌಕರಿ ಕೊಟ್ಟು ತಂಡಕ್ಕೆ ಸೇರಿಸಿಕೊಳ್ಳೋರು. ಆ ಕಣ್ಣು ನನ್ನದು.

ನಮ್ಮ ಕ್ರೀಡಾ ಕಾರ್ಯದರ್ಶಿಗಳು ಉಗ್ರಾಣದ ಅಧಿಕಾರಿ. ಹುಟ್ಟಿದಾಗಿನಿಂದ ಚೆಂಡು ಒದ್ದವರಲ್ಲ. ಆದರೆ ಒಂದು ಫಾರಂ ಅಚ್ಚು ಹಾಕಿಸಿದ್ದರು. ಎತ್ತರ, ತೂಕ, ವೇಗ, ಎಡಗಾಲು, ಬಲಗಾಲು, ತಲೆ, ನಡತೆ. ಒಂದು ಕಾಲಂ ಖಾಲಿ ಇದ್ದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಆ ವರ್ಷ ನಮ್ಮ ರೈಟ್ ಔಟ್ ಸೊಂಟ ಹಿಡಿದುಕೊಂಡು ಮನೆಯಲ್ಲಿ ಕೂತ. ರೈಟ್ ಔಟ್ ಅಂದರೆ ಬಲಗಡೆ ಗೆರೆ ಪಕ್ಕದಲ್ಲೇ ಓಡೋನು. ಹಿಂದಿನಿಂದ ಯಾರೋ ಎತ್ತಿ ಒದ್ದ ಚೆಂಡನ್ನ ಎದುರಾಳಿಗಿಂತ ಮೊದಲು ಹೋಗಿ ಹಿಡೀಬೇಕಾದೋನು. ಖಾಲಿ ಇದ್ದದ್ದು ಅದೊಂದೇ ಜಾಗ. ಯಲಹಂಕದ ಕಡೆಯ ಕಾಲೇಜೊಂದರಲ್ಲಿ ಬಿ.ಎ. ಕೊನೆ ವರ್ಷದ ಹುಡುಗನೊಬ್ಬ ಇದ್ದಾನೆ, ಆಡಿದ ಪಂದ್ಯದಲ್ಲೆಲ್ಲ ಗೋಲು ಹೊಡೀತಾನೆ ಅಂತ ಸುದ್ದಿ ಬಂತು. ಕಾರ್ಯದರ್ಶಿಗಳು ಫಾರಂ ಕೊಟ್ಟು ಕಳಿಸಿದರು.

ಮಂಜು

ಮೊದಲ ಸಲ ಅವನನ್ನು ನೋಡೋಕೆ ಹೋದದ್ದು ಹೆಬ್ಬಾಳಕ್ಕೆ. ನೋಡೋಕೆ ಹೋದದ್ದು ಅಂದೆ, ನೋಡಿದೆ ಅನ್ನಲಿಲ್ಲ.

ಡಿಸೆಂಬರ್ ಬೆಳಿಗ್ಗೆ. ಸೈಕಲ್ ತುಳಿದುಕೊಂಡು ಕೆರೆ ಏರಿ ಹತ್ತೋ ಹೊತ್ತಿಗೆ ಕೆರೆಯೇ ಇರಲಿಲ್ಲ. ಬರೀ ಬಿಳಿ. ಏರಿ ಕೆಳಗಿನ ಗದ್ದೆ, ತೆಂಗಿನ ಮರ, ಮೈದಾನ ಎಲ್ಲ ಅದರೊಳಗೆ ಮುಳುಗಿತ್ತು. ಪಂದ್ಯ ಮುಂದೂಡೋಣ ಅಂದರೆ ಎರಡು ಕಾಲೇಜಿನ ಪಿ.ಟಿ. ಮೇಷ್ಟ್ರುಗಳೂ ಒಪ್ಪಲಿಲ್ಲ, ಹುಡುಗರಿಗೆ ಪರೀಕ್ಷೆ ಹತ್ತಿರ. ರೆಫರಿ ಸೀಟಿ ಊದಿದ. ಸೀಟಿ ಕೇಳಿಸಿತು, ರೆಫರಿ ಕಾಣಿಸಲಿಲ್ಲ.

ನಾನು ಗೆರೆ ಪಕ್ಕ ಒಂದು ಕಲ್ಲಿನ ಮೇಲೆ ಕೂತೆ. ಮಂಜಿನೊಳಗೆ ಎಲ್ಲೋ ದಬದಬ ಕಾಲು. ಎಲ್ಲೋ ಕೆಮ್ಮು. 'ಪಾಸ್ ಮಾಡೋ!' ಅಂತ ಒಬ್ಬ ಕೂಗಿದರೆ, 'ಎಲ್ಲಿದೀಯೋ?' ಅಂತ ಇನ್ನೊಬ್ಬ. ಆಗಾಗ ಒಂದು ತಲೆ, ಒಂದು ಕೈ ಹೊರಗೆ ಬಂದು ಮತ್ತೆ ಕರಗಿ ಹೋಗೋದು. ಹೀಗಿರುವಾಗ ನಡುವಿನಿಂದ ದೊಡ್ಡದೊಂದು 'ಧಬ್' ಕೇಳಿಸಿತು. ಹಳೇ ಬ್ಯಾಕು ನಾನು, ಸದ್ದಿನಲ್ಲೇ ಗೊತ್ತಾಯಿತು, ಚೆಂಡು ಬಲಗಡೆಗೆ, ಉದ್ದಕ್ಕೆ. ನನ್ನ ಕಡೆಗೇ. ಕಿವಿ ನೆಟ್ಟಗಾಯಿತು. ಈಗ ಯಾರಾದರೂ ಓಡಿ ಬರಬೇಕು.

ಯಾರೂ ಓಡಿ ಬರಲಿಲ್ಲ. ಆದರೆ ನನ್ನ ಮುಂದೆ, ಕೈ ಚಾಚಿದರೆ ಸಿಕ್ಕೋ ಅಷ್ಟು ಹತ್ತಿರದಲ್ಲಿ, ಉದ್ದನೆಯದೊಂದು ಬೂದು ಆಕಾರ ಹಾದುಹೋಯಿತು. ಮುಖಕ್ಕೆ ತಣ್ಣನೆ ಗಾಳಿ ಬಡಿಯಿತು. ಸಪ್ಪಳ ಇಲ್ಲ, ಏದುಸಿರಿಲ್ಲ. ಆಮೇಲೆ ದೂರದಲ್ಲಿ ಬಲೆ ಅಲುಗಿದ ಶಬ್ದ.

ಗೋಲು ಕಾಯೋ ಗೋಲಿ ಮಂಜಿನಿಂದ ನಡೆದು ಬಂದ. ಮುಖ ಸುಣ್ಣದ ಹಾಗಿತ್ತು. 'ಸಾರ್, ಯಾರೂ ಬರ್ಲಿಲ್ಲ' ಅಂದ ರೆಫರಿಗೆ.

'ಮತ್ತೆ ಗೋಲು ಹೊಡೆದಿದ್ದು ಯಾರು?'

'ನಾನೂ ಅದನ್ನೇ ಕೇಳ್ತಿರೋದು ಸಾರ್.'

ಮಾರನೇ ದಿನ ಕಾರ್ಯದರ್ಶಿಗಳು ಫಾರಂ ಹಿಡಿದುಕೊಂಡು ಕರೆದರು. 'ಏನ್ರೀ ಇದು, ಎತ್ತರ ಇಲ್ಲ, ತೂಕ ಇಲ್ಲ, ಎಡಗಾಲು ಇಲ್ಲ, ಬಲಗಾಲು ಇಲ್ಲ. ನಡತೆ ಮಾತ್ರ ಉತ್ತಮ ಅಂತ ಬರೆದಿದ್ದೀರಿ!'

'ಕಾಣದೇ ಇದ್ದವನ ಮೇಲೆ ದೂರು ಹೇಗೆ ಹೇಳೋದು ಸಾರ್?' ಅಂದೆ.

ಸಂತಾಪ

ಎತ್ತರ ತೂಕ ಕಾಲೇಜಿನಲ್ಲೇ ಬರೆದುಕೊಳ್ಳೋಣ ಅಂತ ಬಸ್ಸು ಹಿಡಿದು ಹೋದೆ. ಆಫೀಸಿನ ಗುಮಾಸ್ತರಿಗೆ ಹುಡುಗನ ಹೆಸರು ಹೇಳಿದೆ. ಅವರು ದಪ್ಪ ರಿಜಿಸ್ಟರ್ ತೆಗೆದು, ಬೆರಳು ಕೆಳಗಿಳಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ಹೆಸರಿನ ಮೇಲೆ ಕೆಂಪು ಮಸಿಯ ಗೆರೆ. ಪಕ್ಕದಲ್ಲಿ ಗುಂಡಗಿನ ಅಕ್ಷರದಲ್ಲಿ 'ಮೃತ'.

'ಈ ಹುಡುಗ ಹೋದ ವರ್ಷ ತೀರ್ಕೊಂಡಿದಾನಲ್ಲ ಸಾರ್' ಅಂದರು.

ನನ್ನ ಬೆನ್ನಿನಲ್ಲಿ ಇರುವೆ ಹರಿದ ಹಾಗಾಯಿತು. 'ಇಲ್ಲಾರೀ, ಮೊನ್ನೆ ಹೆಬ್ಬಾಳದಲ್ಲಿ ಆಡಿದಾನೆ.'

ಗುಮಾಸ್ತರಿಗೆ ಒಂದಿಷ್ಟೂ ಆಶ್ಚರ್ಯ ಆಗಲಿಲ್ಲ. 'ಆಡಿರ್ತಾನೆ. ಕ್ಲಾಸಿಗೂ ತಪ್ಪದೇ ಬರ್ತಾನೆ. ಬದುಕಿರೋರಿಗಿಂತ ಅವನ ಹಾಜರಿ ವಾಸಿ.'

ಹುಡುಗ ಹೊರಗೆ ಹೊಂಗೆ ಮರದ ಕೆಳಗೆ ಸಿಕ್ಕಿದ. ಕಡ್ಡಿಯ ಹಾಗೆ ಉದ್ದ, ಮಾತು ಕಡಿಮೆ, ದನಿ ಇನ್ನೂ ಕಡಿಮೆ. ಎಲ್ಲ ಅವನೇ ಹೇಳಿದ. ಸಂಜೆ ತರಗತಿಯಲ್ಲಿ ಇವನ ಹೆಸರಿನದೇ ಇನ್ನೊಬ್ಬ ಇದ್ದನಂತೆ, ಇನಿಷಿಯಲ್ಲೂ ಅದೇ. ಊರಿಗೆ ಹೋಗಿದ್ದಾಗ ಜ್ವರ ಬಂದು ಹೋಗಿಬಿಟ್ಟ, ಪಾಪ. ಮನೆಯವರ ಕಾಗದ ಬಂದಾಗ ಆಫೀಸಿನವರು ತಪ್ಪು ರಿಜಿಸ್ಟರ್ ತೆಗೆದರು. ಬೆಳಗಿನ ಕಾಲೇಜಿನಲ್ಲಿ ಸಂತಾಪ ಸಭೆ ಆಯಿತು.

'ನಾನೂ ಹೋಗಿದ್ದೆ ಸಾರ್. ಹಿಂದಿನ ಸಾಲಲ್ಲಿ ನಿಂತಿದ್ದೆ. ಪ್ರಿನ್ಸಿಪಾಲ್ರು ಒಳ್ಳೇ ಹುಡುಗ, ಒಳ್ಳೇ ಫುಟ್‌ಬಾಲ್ ಆಟಗಾರ ಅಂದ್ರು. ಆಮೇಲೆ ಹೆಸ್ರು ಹೇಳಿದ್ರು. ಎಲ್ರೂ ಎರಡು ನಿಮಿಷ ಮೌನ ನಿಂತ್ರು.'

'ನೀನೇನ್ ಮಾಡ್ದೆ?'

'ನಾನೂ ನಿಂತೆ ಸಾರ್. ಮಧ್ಯದಲ್ಲಿ ಮಾತಾಡಿದ್ರೆ ಸತ್ತೋರಿಗೆ ಅವಮರ್ಯಾದೆ ಅಲ್ವಾ?'

ಮೌನ ಮುಗಿದ ಮೇಲೆ ಮುಂದಿನ ಸಾಲಿನವನೊಬ್ಬ ಹಿಂದಕ್ಕೆ ತಿರುಗಿದನಂತೆ. ಆ ಹುಡುಗ ಈಗಲೂ ಇವನನ್ನು ಕಂಡರೆ ಇನ್ನೊಂದು ಮೆಟ್ಟಿಲಿನಲ್ಲಿ ಇಳಿಯುತ್ತಾನೆ. ಇವನ ಬೆಂಚಿನಲ್ಲಿ ಯಾರೂ ಕೂರೋದಿಲ್ಲ. ತಿದ್ದುಪಡಿ ಮಾಡಿಸೋಣ ಅಂದರೆ ಆಫೀಸಿನವರು ಬದುಕಿರುವುದಕ್ಕೆ ದಾಖಲೆ ತಾ ಅಂದರು. ತಾಲ್ಲೂಕು ಕಚೇರಿಯಲ್ಲಿ ಸತ್ತಿರುವುದಕ್ಕೆ ಮಾತ್ರ ಫಾರಂ ಇತ್ತು.

'ಆವತ್ತು ಆಮೇಲೇನಾಯ್ತು?' ಅಂತ ಕೇಳಿದೆ.

'ಕಾಲೇಜಿಗೆ ರಜಾ ಕೊಟ್ರು ಸಾರ್. ನಾನೂ ಮನೆಗೆ ಹೋದೆ. ಅಮ್ಮಿ ಯಾಕೋ ಇಷ್ಟು ಬೇಗ ಬಂದೆ ಅಂದ್ರು. ಯಾರೋ ತೀರ್ಕೊಂಡ್ರು, ಅದಕ್ಕೆ ರಜಾ ಅಂದೆ. ಯಾರೋ ಅಂತ ಕೇಳಿದ್ರು.' ಹುಡುಗ ತಲೆ ಕೆರೆದುಕೊಂಡ. 'ಅದನ್ನ ಅಮ್ಮಿಗೆ ಹೇಗೆ ಹೇಳ್ಲಿ ಸಾರ್?'

ನಿಂಬೆಹಣ್ಣು

ಆಗ ನನಗೆ ನಿಜವಾದ ಚಿಂತೆ ಹತ್ತಿಕೊಂಡಿತು. ಈ ಕಥೆ ಸುತ್ತಮುತ್ತಲಿನ ಕಾಲೇಜುಗಳಿಗೆಲ್ಲ ಹಬ್ಬಿತ್ತು. ಹುಡುಗ ಎದುರಾಳಿಗಳನ್ನು ದಾಟಿ ಹೋಗಿ ಗೋಲು ಹೊಡೀತಿದಾನೋ, ಇಲ್ಲ ಅವರೇ ಹೆದರಿ ದಾರಿ ಬಿಡ್ತಿದಾರೋ? ಮೊದಲನೆಯದಾದರೆ ಅವನು ನಮ್ಮವನಾಗಬೇಕು. ಎರಡನೆಯದಾದರೆ, ಲೀಗಿನ ಗಟ್ಟಿ ಬ್ಯಾಕುಗಳ ಮುಂದೆ ಒಂದೇ ವಾರಕ್ಕೆ ಬಣ್ಣ ಬಯಲಾಗುತ್ತೆ, ನನ್ನ ಷರಾಕ್ಕೆ ಆಮೇಲೆ ಯಾರೂ ಬೆಲೆ ಕೊಡೋದಿಲ್ಲ.

ಬ್ಯಾಟರಾಯನಪುರದ ಮೈದಾನದಲ್ಲಿ ಮುಂದಿನ ಪಂದ್ಯ. ಸುಡು ಬಿಸಿಲು, ಮಂಜಿನ ನೆಪ ಇಲ್ಲ. ಕಣ್ಣು ಬಿಟ್ಟು ಕೂತೆ. ಅವನನ್ನು ಕಾಯಬೇಕಾದ ಲೆಫ್ಟ್ ಬ್ಯಾಕು ಅವನಿಂದ ಐದು ಮಾರು ದೂರದಲ್ಲೇ ಓಡಾಡುತ್ತಿದ್ದ. ಹುಡುಗ ಒಂದು ಹೆಜ್ಜೆ ಹತ್ತಿರ ಬಂದರೆ ಇವನು ಎರಡು ಹೆಜ್ಜೆ ಹಿಂದೆ. ಚಡ್ಡಿಯ ಲಾಡಿಗೆ ಏನೋ ಹಳದಿ ಗಂಟು ಕಟ್ಟಿಕೊಂಡಿದ್ದ.

ಮಂಡಿ ಊರಿ ನೆಲಕ್ಕೆ ಕಿವಿ ಕೊಟ್ಟೆ. ಉಳಿದ ಆಟಗಾರರ ಕಾಲಿನ ಸದ್ದು ತಮಟೆ ಬಡಿದ ಹಾಗೆ ನೆಲದೊಳಗಿಂದ ಬರುತ್ತಿತ್ತು. ಈ ಹುಡುಗ ನನ್ನ ಪಕ್ಕದಲ್ಲೇ ಬಾಣದ ಹಾಗೆ ಹೋದ. ನೆಲ ಮಾತಾಡಲಿಲ್ಲ. ಬಿಸಿಲಿನಲ್ಲಿ ಕೂತವನಿಗೆ ತೋಳಿನ ಮೇಲೆ ಚಳಿಗೆ ಏಳೋ ಗುಳ್ಳೆ ಎದ್ದವು. ಇನ್ನೊಂದು ವಿಚಿತ್ರ ಆವತ್ತೇ ಕಂಡದ್ದು. ನಡುವಿನ ಆಟಗಾರ ಚೆಂಡು ಒದೆಯೋದಕ್ಕೆ ಮುಂಚೆಯೇ, ಅವನಿನ್ನೂ ತಲೆ ಎತ್ತೋದಕ್ಕೂ ಮುಂಚೆಯೇ, ಈ ಹುಡುಗ ಖಾಲಿ ಜಾಗವೊಂದಕ್ಕೆ ಓಡಿ ನಿಲ್ಲೋನು. ಆಮೇಲೆ ಚೆಂಡು ಅಲ್ಲೇ ಬಂದು ಬೀಳೋದು.

ಅರ್ಧ ವೇಳೆಗೆ ಆ ಲೆಫ್ಟ್ ಬ್ಯಾಕನ್ನ ಕರೆದೆ. 'ಏನ್ ಗುರು ಅದು ಸೊಂಟದಲ್ಲಿ?'

'ನಿಂಬೆಹಣ್ಣು ಸಾರ್. ಮಂತ್ರಿಸಿದ್ದು.'

'ಕೆಲ್ಸ ಮಾಡ್ತಾ ಅದು?'

'ಮಾಡ್ತು ಸಾರ್! ಅರ್ಧ ಪಂದ್ಯ ಆಯ್ತು, ಒಂದ್ಸಲಾನೂ ಅವ್ನು ನನ್ನ ಮುಟ್ಟಿಲ್ಲ.'

'ಆದ್ರೆ ಗೋಲು ನಾಲ್ಕು ಆಯ್ತಲ್ಲೋ?'

'ಅದಕ್ಕೆ ಗೋಲೀನೇ ಬೇರೆ ನಿಂಬೆಹಣ್ಣು ಕಟ್ಕೋಬೇಕು ಸಾರ್.'

ಹತ್ತಿ

ಮನೆಯವರನ್ನು ಕಾಣದೆ ಯಾರನ್ನೂ ಶಿಫಾರಸು ಮಾಡೋದಿಲ್ಲ ಅನ್ನೋದು ನನ್ನ ನೇಮ. ಆರ್.ಟಿ. ನಗರದ ಹಿಂಭಾಗದಲ್ಲಿ, ಹೊಸ ಮನೆಗಳು ಮುಗಿದು ಹೊಲ ಶುರುವಾಗೋ ಕಡೆ ಅವರ ಮನೆ. ಮಧ್ಯಾಹ್ನ ಹೋದೆ. ಬಾಗಿಲು ತೆರೆದಿತ್ತು. ಒಳಗಿಂದ 'ಡೊಂಯ್... ಡೊಂಯ್...' ಅಂತ ಒಂದು ನಾದ. ವೀಣೆಯಲ್ಲ, ಗಂಟೆಯಲ್ಲ. ಹಲ್ಲಿಗೆ ತಾಗೋ ಅಂಥ ಸದ್ದು.

'ಯಾರಿದೀರಿ?' ಅಂತ ಒಳಗೆ ಕಾಲಿಟ್ಟೆ. ಕೋಣೆ ತುಂಬ ಏನೋ ಬೆಳ್ಳಗೆ ತೇಲುತ್ತಿತ್ತು. ಅದರ ನಡುವೆ ಒಂದು ಆಕಾರ. ತಲೆ ಬಿಳಿ, ಮೈ ಬಿಳಿ, ರೆಪ್ಪೆ ಕೂಡ ಬಿಳಿ. ಬಾಯಿ ಮೂಗು ಇರಬೇಕಾದ ಕಡೆ ಬರೀ ಬಟ್ಟೆ. ಅದು ನಿಧಾನಕ್ಕೆ ನನ್ನ ಕಡೆ ತಿರುಗಿತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಕಾಲ ಕೆಳಗೆ ಮೆತ್ತಗೆ ಏನೋ ಸಿಕ್ಕಿತು. ಸಿಕ್ಕಿದ್ದು ನರಳಿತು, ಆಮೇಲೆ ಎದ್ದು ಕೂತು 'ಹಾಯ್ ಅಲ್ಲಾ, ಮರ್‌ಗೈ ರೇ!' ಅಂತ, ಸತ್ತೇ ಹೋದೆ ಅನ್ನೋ ಹಾಗೆ ಕಿರುಚಿತು. ನಾನೂ ಕಿರುಚಿದೆ.

ಕೌದಿ ಹೊದ್ದು ಮಲಗಿದ್ದ ಹುಡುಗನ ಅಜ್ಜಿ ಅವರು. ಬಿಳಿ ಆಕಾರ ಅವನ ತಂದೆ. ಬಿಲ್ಲಿನಂಥ ಸಾಧನದಿಂದ ಹತ್ತಿ ಬಿಡಿಸಿ ಹಾಸಿಗೆ ಹೊಲಿಯೋದು ಅವರ ಕಸುಬು. ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕೆಮ್ಮಿ, ಕೆಮ್ಮು ನಿಲ್ಲೋ ತನಕ ಗೋಡೆ ಹಿಡಿದು ನಿಂತರು. ಆಮೇಲೆ ಕೂರೋಕೆ ಒಂದು ಹೊಸ ಹಾಸಿಗೆಯನ್ನೇ ಹಾಸಿದರು.

ಅಷ್ಟರಲ್ಲಿ ಹುಡುಗನೂ ಕಾಲೇಜಿನಿಂದ ಬಂದ. ಕಾಲಿಗೆ ಸದ್ದಿಲ್ಲದ ಗುಟ್ಟು ಅಲ್ಲಿ ತಿಳಿಯಿತು. ಹುಡುಗನ ಬೂಟು ಅವನ ಚಿಕ್ಕಪ್ಪನದು, ಎರಡು ಅಳತೆ ದೊಡ್ಡದು. ಒಳಗೆ ಗಟ್ಟಿಯಾಗಿ ಹತ್ತಿ ತುರುಕಿತ್ತು. ಅಡಿಯ ಗುಬಟು ಸವೆದು ಹೋಗಿ ತಂದೆಯೇ ಸೈಕಲ್ ಟ್ಯೂಬಿನ ರಬ್ಬರ್ ಹೊಲಿದಿದ್ದರು. ಬೆಕ್ಕಿಗೆ ಕೂಡ ಅಂಥ ಪಾದ ಇಲ್ಲ. ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಉಳಿದದ್ದನ್ನೂ ಕೇಳಿಬಿಡೋಣ ಅನ್ನಿಸಿತು. 'ಚೆಂಡು ಒದೆಯೋಕ್ಕೆ ಮುಂಚೇನೇ ಅದು ಬೀಳೋ ಜಾಗಕ್ಕೆ ಹೋಗ್ತೀಯಲ್ಲ, ಹೇಗೋ ಗೊತ್ತಾಗುತ್ತೆ?'

ಹುಡುಗ ನೆಲ ನೋಡಿಕೊಂಡು ಹೇಳಿದ: 'ಆ ಜಾಗ ಮೊದ್ಲೇ ತಣ್ಣಗಾಗುತ್ತೆ ಸಾರ್.'

ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ತಂದೆ ನನ್ನ ಕೈ ಹಿಡಿದರು. ಕೈ ಬಿಸಿ ಇತ್ತು, ಒರಟಾಗಿತ್ತು. 'ಸಾಬ್, ಈ ಧೂಳು ನನ್ನ ಎದೆ ತಿಂತು. ಪರೀಕ್ಷೆ ಆದ್ಮೇಲೆ ಇವನ್ನೂ ಇದಕ್ಕೇ ಕೂರಿಸ್ಬೇಕು, ಬೇರೆ ದಾರಿ ಇಲ್ಲ. ನಿಮ್ಮ ಫ್ಯಾಕ್ಟ್ರೀಲಿ ಆಗುತ್ತೆ ಅಂದ್ರೆ ಆಗುತ್ತೆ ಅನ್ನಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಆಸೆ ಇಟ್ಕೊಳ್ಳಲ್ಲ.'

'ಇನ್ನೊಂದ್ಸಲ ನೋಡಿ ಹೇಳ್ತೀನಿ' ಅಂದೆ. ನನ್ನ ಮಾತು ನನಗೇ ಸಪ್ಪೆ ಅನ್ನಿಸಿತು.

ಮೂಲೆಯಿಂದ ಅಜ್ಜಿ ಉರ್ದುವಿನಲ್ಲಿ ಏನೋ ಅಂದರು. ತಂದೆ ಗದರಿದರು. ಏನಂದರು ಅಂತ ಹುಡುಗನನ್ನು ಕೇಳಿದೆ. ಅವನು ಹಿಂಜರಿಯುತ್ತಾ ಹೇಳಿದ: 'ತನ್ನ ಕಾಲು ಎಲ್ಲಿಡ್ತೀನಿ ಅಂತ್ಲೇ ಈಯಪ್ಪಂಗೆ ಕಾಣ್ಸಲ್ಲ, ಬೇರೆಯವ್ರ ಕಾಲು ಏನ್ ನೋಡ್ತಾನೆ ಅಂತಿದಾರೆ ಸಾರ್.'

ನೆರಳು

ದೆವ್ವಕ್ಕೆ ಹೆದರದ ಬ್ಯಾಕೊಬ್ಬನನ್ನು ಅವನ ಮೇಲೆ ಬಿಟ್ಟು ನೋಡಬೇಕು, ಆಗ ತೀರ್ಮಾನ ಆಗುತ್ತೆ ಅಂತ ಲೆಕ್ಕ ಹಾಕಿದೆ. ನಮ್ಮ ತಂಡದ ಹಿರಿಯ ಲೆಫ್ಟ್ ಬ್ಯಾಕು ಬಾಗಲೂರಿನ ಕಡೆಯವನು, ಎರಕದ ಮನೆಯಲ್ಲಿ ಕೆಲಸ. ಕಂಬದಂಥ ಆಳು. ವಿಷಯ ಕೇಳಿ ನಕ್ಕುಬಿಟ್ಟ. 'ನಮ್ಮೂರ ಸುಡುಗಾಡ್ನಾಗೆ ಎಮ್ಮೆ ಮೇಯ್ಸಿದೋನು ನಾನು. ದೆವ್ವ ಅಂತೆ! ಇಂಗೆ ಇಡ್ಕಂಡು ಅಂಗೇ ಮಡಚಿ ಮಡಗ್ತೀನಿ ಬುಡಿ ಸಾ.'

ಕಾಲೇಜಿನವರ ಜೊತೆ ಒಂದು ಸ್ನೇಹಪಂದ್ಯ ಗೊತ್ತು ಮಾಡಿದೆವು. ಜಕ್ಕೂರಿನಲ್ಲಿ, ವಿಮಾನ ಇಳಿಯೋ ಬಯಲಿನ ಪಕ್ಕದ ಮೈದಾನ. ಭಾನುವಾರ ಮೂರು ಗಂಟೆ. ಒಂದು ಕಡೆ ದ್ರಾಕ್ಷಿ ತೋಟದ ಬೇಲಿ, ಇನ್ನೊಂದು ಕಡೆ ಗಾಳಿಗೆ ಬಾಗೋ ಹುಲ್ಲು.

ಮೊದಲ ಹತ್ತು ನಿಮಿಷ ನಮ್ಮವನು ಮಾತಿಗೆ ತಪ್ಪಲಿಲ್ಲ. ಹುಡುಗನಿಗೆ ಅಂಟಿಕೊಂಡೇ ಇದ್ದ. ನಾನು ಪೆನ್ಸಿಲ್ ನಾಲಿಗೆಗೆ ತಾಗಿಸಿ ಬರೆಯೋಕೆ ಸಿದ್ಧನಾದೆ. ಅಷ್ಟರಲ್ಲಿ ಉದ್ದನೆಯ ಚೆಂಡು ಬಂತು. ಹುಡುಗ ಓಡಿದ, ಒಂದೂವರೆ ಹೆಜ್ಜೆ ಹಿಂದೆ ನಮ್ಮವನು. ಸರಿಯಾಗಿ ಅದೇ ಗಳಿಗೆಯಲ್ಲಿ ಬೇಲಿಯ ಕಡೆಯಿಂದ ದೊಡ್ಡದೊಂದು ನೆರಳು ಮೈದಾನದ ಮೇಲೆ ಜಾರಿಕೊಂಡು ಬಂತು. ಎರಡು ಕೈ ಅಗಲಿಸಿದ ಹಾಗಿತ್ತು. ಒಂದಿಷ್ಟೂ ಸದ್ದಿಲ್ಲ. ನನ್ನ ಮೇಲೆ ಹಾದಾಗ ಬಿಸಿಲು ಕಣ್ಣು ಮುಚ್ಚಿ ತೆರೆದ ಹಾಗಾಯಿತು. ನಮ್ಮ ಲೆಫ್ಟ್ ಬ್ಯಾಕಿನ ಮೇಲೆ ಹಾದು, ಹುಡುಗನನ್ನು ಸೇರಿ, ಅವನ ಜೊತೆಗೇ ಒಂದಷ್ಟು ದೂರ ಓಡಿ, ಅವನಿಗಿಂತ ಮುಂದೆ ಹೋಗಿ ಹುಲ್ಲಿನಲ್ಲಿ ಮಾಯವಾಯಿತು.

ಹುಡುಗ ಗೋಲು ಹೊಡೆದ. ನಮ್ಮ ಲೆಫ್ಟ್ ಬ್ಯಾಕು ನೆಲಕ್ಕೆ ಮುಖ ಕೊಟ್ಟು ಮಲಗಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು.

'ರೆಕ್ಕೆ ಬಿಚ್ಚಿದ ಸಾ! ನಾ ಕಣ್ಣಾರೆ ಕಂಡೆ!'

'ಮೇಲೆ ನೋಡಯ್ಯಾ. ಅದು ಗ್ಲೈಡರ್ ಕಣೋ. ಇಂಜಿನ್ ಇಲ್ಲದ ವಿಮಾನ, ಸುಮ್ನೆ ಹಾರ್ಕೊಂಡು ಬಂದು ಇಳಿಯುತ್ತೆ.'

ಅವನು ಆಕಾಶ ನೋಡಿದ, ನನ್ನನ್ನು ನೋಡಿದ. 'ಇಂಜಿನ್ ಇಲ್ದಂಗೆ ತಾನಾಗೇ ಆರಾಡ್ತದೆ ಅಂದ್ರೆ, ದೆವ್ವ ಅನ್ನಾಕೆ ಇನ್ನೇನ್ ಸಾ ಬೇಕು?'

ಸದ್ದು

ಜನವರಿಯಲ್ಲಿ ನಮ್ಮ ಮೈದಾನದಲ್ಲೇ ಕೊನೆಯ ಟ್ರಯಲ್. ಜನರಲ್ ಮ್ಯಾನೇಜರ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಬಾಗಲೂರಿನವನು ನಾನೊಲ್ಲೆ ಅಂತ ಔಷಧಾಲಯದ ಕಡೆ ಹೊರಟುಹೋದ. ಅವನ ಬದಲಿಗೆ ನಿಂತದ್ದು ಶ್ರೀರಾಂಪುರದ ತಮಿಳು ವೆಲ್ಡರ್. ಅವನಿಗೆ ಈ ಕಥೆ ಯಾವುದೂ ಗೊತ್ತಿರಲಿಲ್ಲ. ಹುಡುಗನಿಗೆ ನಾನು ನನ್ನ ಹಳೇ ಬೂಟು ಕೊಟ್ಟಿದ್ದೆ. ಅಳತೆ ಸರಿ ಇತ್ತು, ಅಡಿಯಲ್ಲಿ ಗುಬಟು ಗಟ್ಟಿ ಇದ್ದವು. ಹೆದರಿಕೆ ತೆಗೆದು ನೋಡಿದರೆ ಉಳಿಯೋದು ಎಷ್ಟು ಅಂತ ತಿಳಿಯಬೇಕಿತ್ತು.

ಉಳಿದದ್ದು ಏನೂ ಇಲ್ಲ ಅನ್ನೋ ಹಾಗೆ ಮೊದಲರ್ಧ ಹೋಯಿತು. ವೆಲ್ಡರ್ ಅವನ ಬೆನ್ನಿಗೆ ಎದೆ ಕೊಟ್ಟು ನಿಂತಿದ್ದ. ಹುಡುಗ ಓಡಿದರೆ ನಡುವೆ ತಿರುಗಿ ಹಿಂದೆ ನೋಡೋನು, ಚೆಂಡು ಹೊರಗೆ ಹೋಗೋದು. ಜನರಲ್ ಮ್ಯಾನೇಜರ್ ಆಕಳಿಸಿದರು. ಗೋಡೆ ಹಿಡಿದು ಕೆಮ್ಮುತ್ತಿದ್ದ ಆ ತಂದೆಯ ಮುಖ ಕಣ್ಣ ಮುಂದೆ ಬಂತು.

ಅರ್ಧ ವೇಳೆಗೆ ನನಗೊಂದು ಕೆಟ್ಟ ಬುದ್ಧಿ ಬಂತು. ವೆಲ್ಡರ್ ನೀರು ಕುಡಿಯುತ್ತಿದ್ದ. ಹತ್ತಿರ ಹೋಗಿ ಒಂದು ಮಾತು ಹೇಳಿದರೆ ಸಾಕಿತ್ತು. ಕೆಂಪು ಮಸಿಯ ಗೆರೆ, ಎರಡು ನಿಮಿಷದ ಮೌನ. ಆ ನೌಕರಿ ಹುಡುಗನದೇ ಆಗುತ್ತಿತ್ತು. 'ಮಚ್ಚಾ, ಒಂದ್ ವಿಷ್ಯ...' ಅಂತ ಶುರು ಕೂಡ ಮಾಡಿದೆ. ಅವನು ತಲೆ ಎತ್ತಿದ. 'ನೀರು ತಣ್ಣಗಿದ್ಯಾ?' ಅಂತ ಕೇಳಿ ವಾಪಸ್ ಬಂದೆ.

ಹುಡುಗ ಹುಲ್ಲಿನ ಮೇಲೆ ಕೂತಿದ್ದ. ತಿರುತಿರುಗಿ ಹಿಂದೆ ನೋಡುತ್ತಿದ್ದ. 'ಏನಾಯ್ತೋ ನಿಂಗೆ?' ಅಂದೆ.

'ಹೆದರಿಕೆ ಆಗ್ತಿದೆ ಸಾರ್. ಹಿಂದೆ ಯಾರೋ ಅಟ್ಟಿಸ್ಕೊಂಡ್ ಬರ್ತಿದಾರೆ. ನಾನು ಓಡಿದ್ರೆ ಓಡ್ತಾರೆ, ನಿಂತ್ರೆ ನಿಲ್ತಾರೆ.'

'ಅದು ನಿನ್ ಕಾಲಿನ ಸದ್ದು ಕಣೋ!'

ಅವನು ಬೂಟು ನೋಡಿಕೊಂಡ. ಎದ್ದು ನಾಲ್ಕು ಹೆಜ್ಜೆ ಓಡಿದ, ನಿಂತ, ಮತ್ತೆ ಓಡಿದ. ಮುಖದ ಮೇಲೆ ಮೊದಲ ಸಲ ನಗು ಕಂಡೆ. ಆಮೇಲೆ ವೆಲ್ಡರ್ ಕಡೆ ನೋಡಿ ಮೆಲ್ಲಗೆ ಅಂದ: 'ಅವ್ರು ತುಂಬಾ ಹತ್ರ ನಿಲ್ತಾರೆ ಸಾರ್. ಬೆವರಿನ ವಾಸ್ನೆ ಬರುತ್ತೆ. ಒಂದು ವರ್ಷದಿಂದ ಯಾರೂ ನನ್ನ ಹತ್ರ ಬಂದಿರ್ಲಿಲ್ಲ.'

ಎರಡನೇ ಅರ್ಧದ ಬಗ್ಗೆ ನಾನು ಫಾರಂನಲ್ಲಿ ಬರೆದದ್ದು ಒಂದೇ ಸಾಲು: 'ತೆಗೆದುಕೊಳ್ಳಿ.' ವೆಲ್ಡರ್ ಹೆದರಲಿಲ್ಲ, ದಾರಿ ಬಿಡಲಿಲ್ಲ, ಅಂಗಿ ಕೂಡ ಹಿಡಿದೆಳೆದ. ಆದರೂ ಹುಡುಗ ಪ್ರತಿ ಸಲ ಒಂದು ಗೇಣು ಮೊದಲು ಅಲ್ಲಿರುತ್ತಿದ್ದ, ಧಡಧಡ ಸದ್ದು ಮಾಡಿಕೊಂಡೇ. ಮೂರನೇ ಗೋಲು ಆದ ಮೇಲೆ ವೆಲ್ಡರ್ ಅವನ ಕುತ್ತಿಗೆಗೆ ಕೈ ಹಾಕಿ, ತಲೆ ಕೆದರಿ, 'ಡೇ, ಮನುಷ್ಯನಾಡಾ ನೀನು?' ಅಂದ.

'ಹೂಂ' ಅಂದ ಹುಡುಗ, ಪ್ರಮಾಣ ಮಾಡೋನ ಹಾಗೆ.

ಎದೆ ಬಡಿತ

ಅವನು ಮುಂದೆ ನಮ್ಮ ಪರ ಹತ್ತು ವರ್ಷ ಆಡಿದ. ಹತ್ತಿಯ ಬಿಲ್ಲನ್ನು ಅಟ್ಟಕ್ಕೇರಿಸಿ, ತಂದೆಯನ್ನು ಕಾರ್ಖಾನೆಯ ವೈದ್ಯರಿಂದಲೇ ಗುಣ ಮಾಡಿಸಿಕೊಂಡ. ಆದರೆ ಕೆಲಸಕ್ಕೆ ಸೇರೋದಕ್ಕೆ ಮುಂಚೆ ಇನ್ನೊಂದು ಹೊಸಿಲು ದಾಟಬೇಕಿತ್ತು, ವೈದ್ಯಕೀಯ ತಪಾಸಣೆ.

ನಮ್ಮ ಡಾಕ್ಟರು ನಿವೃತ್ತಿಯ ಅಂಚಿನಲ್ಲಿದ್ದ ಸಾಧು ಮನುಷ್ಯ. ಬಂದವರ ಎದೆಗೆ ಸ್ಟೆತಾಸ್ಕೋಪ್ ತಾಗಿಸಿ, ಕಿಟಕಿಯಾಚೆ ನೋಡುತ್ತಾ, 'ಆರೋಗ್ಯವಂತ' ಅಂತ ಸಹಿ ಹಾಕೋರು. ಅರ್ಧ ನಿಮಿಷದ ಕೆಲಸ. ಆವತ್ತು ನಾನು, ಕಾರ್ಯದರ್ಶಿಗಳು ಹೊರಗೆ ಬೆಂಚಿನ ಮೇಲೆ ಕೂತೆವು. ಬಾಗಲೂರಿನವನು ಮೊಣಕೈಗೆ ಪಟ್ಟಿ ಕಟ್ಟಿಸಿಕೊಳ್ಳುವ ನೆಪದಲ್ಲಿ ನಮಗಿಂತ ಮೊದಲೇ ಬಂದು, ಡಾಕ್ಟರಿಗೆ ರಿಜಿಸ್ಟರಿನಿಂದ ರೆಕ್ಕೆಯ ತನಕ ಎಲ್ಲವನ್ನೂ ವರದಿ ಮಾಡಿ ಹೋಗಿದ್ದ. ಅದು ನಮಗೆ ಗೊತ್ತಿರಲಿಲ್ಲ.

ಐದು ನಿಮಿಷ ಆಯಿತು. ಹತ್ತು ಆಯಿತು. ಒಳಗೆ ಮಾತಿಲ್ಲ. ಪಕ್ಕದ ರೈಲ್ವೆ ಯಾರ್ಡಿನಲ್ಲಿ ಶಂಟಿಂಗ್ ಮಾಡುತ್ತಿದ್ದ ಇಂಜಿನ್ ಕೂಡ ಸುಮ್ಮನಾಗಿತ್ತು. ಪರದೆ ಸರಿಸಿ ನರ್ಸಮ್ಮ ಹೊರಗೆ ಬಂದರು. ತುಟಿ ಬಿಳುಚಿತ್ತು.

'ಸಾರ್... ಎದೆ ಬಡೀತಿಲ್ಲ.'

'ಯಾರದು?' ಅಂತ ಎದ್ದರು ಕಾರ್ಯದರ್ಶಿಗಳು.

'ಆ ಹುಡುಗಂದು.'

'ಅಯ್ಯೋ! ಹುಡುಗ ಹೇಗಿದಾನೆ?'

'ಚೆನ್ನಾಗಿದಾನೆ ಸಾರ್. ಬನೀನು ಹಾಕ್ಕೊಳ್ಳಾ ಅಂತ ಕೇಳ್ತಿದಾನೆ.'

ಒಳಗೆ ಓಡಿದೆವು. ಡಾಕ್ಟರು ಹುಡುಗನ ಎದೆಯ ಮೇಲೆ ಎಡಕ್ಕೆ, ಬಲಕ್ಕೆ, ಬೆನ್ನಿಗೆ, ಎಲ್ಲ ಕಡೆ ಕೊಳವೆ ಇಟ್ಟು ಕೇಳುತ್ತಿದ್ದರು. ಹಣೆಯಲ್ಲಿ ಬೆವರು. 'ಒಂದ್ ಚೂರೂ ಇಲ್ಲ' ಅಂದರು ಪಿಸುದನಿಯಲ್ಲಿ. 'ಬನ್ನಿ ನೀವು, ಹೋಲಿಸಿ ನೋಡೋಣ.' ಕಾರ್ಯದರ್ಶಿಗಳ ಎದೆಗೆ ಇಟ್ಟರು. ಡಾಕ್ಟರ ಹುಬ್ಬು ಮೇಲೇರಿತು. ಅವರದ್ದೂ ಇಲ್ಲ! ನನ್ನದಕ್ಕೆ ಇಟ್ಟರು. ನನ್ನದೂ ಇಲ್ಲ. ನನ್ನ ಕಿವಿಯಲ್ಲಿ ನಗಾರಿ ಬಾರಿಸಿದ ಹಾಗೆ ಬಡಿದುಕೊಳ್ಳುತ್ತಿತ್ತು, ಆದರೂ ಇಲ್ಲ ಅಂದರೆ ಇಲ್ಲ. ನರ್ಸಮ್ಮನದೂ ಇಲ್ಲ. ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಡಾಕ್ಟರು ನಿಧಾನಕ್ಕೆ ತಮ್ಮ ಅಂಗಿಯ ಗುಂಡಿ ಬಿಚ್ಚಿ, ಕೊಳವೆಯನ್ನು ತಮ್ಮ ಎದೆಗೇ ಇಟ್ಟುಕೊಂಡರು. ಕೇಳಿದರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಹಿಂದೆ ಕೈಯಿಂದ ತಡವಿ ಕುರ್ಚಿ ಹುಡುಕಿಕೊಂಡು ಕೂತು, 'ಯಾವಾಗಿಂದ?' ಅಂದರು ಶೂನ್ಯವನ್ನು ನೋಡುತ್ತಾ. ಅವರ ಸ್ಥಿತಿ ಕಂಡು ಮರುಗಿದ ಹುಡುಗ ಬರೀ ಮೈಯಲ್ಲೇ ಹೋಗಿ ಲೋಟದಲ್ಲಿ ನೀರು ತಂದು ಕುಡಿಸಿದ.

ನರ್ಸಮ್ಮ ಸ್ಟೆತಾಸ್ಕೋಪ್ ಎತ್ತಿಕೊಂಡು ಮೂಸಿದರು. 'ಸಾರ್, ಗಂಧದ ವಾಸನೆ.'

ಆಯುಧಪೂಜೆಯ ದಿನ ಕತ್ತರಿ, ಚಿಮಟ, ಸೂಜಿಯ ಜೊತೆ ಸ್ಟೆತಾಸ್ಕೋಪಿಗೂ ಪೂಜೆ ಆಗಿತ್ತು. ಯಾರೋ ಭಕ್ತಿ ಜಾಸ್ತಿಯಾಗಿ ಗಂಧ ಕುಂಕುಮವನ್ನು ಕೊಳವೆಯ ಬಾಯಿ ತುಂಬ ಮೆತ್ತಿದ್ದರು. ನರ್ಸಮ್ಮ ಪಿನ್ನು ಹಾಕಿ ಚುಚ್ಚಿದಾಗ ಒಣಗಿದ ಉಂಡೆಯೊಂದು ಟಣ್ ಅಂತ ತಟ್ಟೆಗೆ ಬಿತ್ತು. ಡಾಕ್ಟರು ಮೊದಲು ತಮ್ಮದು ಕೇಳಿಕೊಂಡರು, ಕಣ್ಣು ಮುಚ್ಚಿ, ಬಹಳ ಹೊತ್ತು. ಆಮೇಲೆ ಹುಡುಗನದು. 'ಕುದುರೆ ಓಡಿದ ಹಾಗಿದೆ' ಅಂತ ನಕ್ಕು ಸಹಿ ಹಾಕಿದರು.

ಕಾರ್ಯದರ್ಶಿಗಳಿಗೆ ಮಾತ್ರ ಸಮಾಧಾನ ಇರಲಿಲ್ಲ. 'ಅಲ್ಲಾ ಡಾಕ್ಟ್ರೇ, ದಸರಾ ಆಗಿ ಮೂರು ತಿಂಗಳಾಯ್ತು. ಇದೇ ಕೊಳವೆ ಇಟ್ಟು ಅಷ್ಟೊಂದು ಜನರಿಗೆ ಆರೋಗ್ಯವಂತ ಅಂತ ಬರ್ಕೊಟ್ಟಿದೀರಿ. ಅವರ್ಯಾರ ಎದೆ ಬಡಿತಾನೂ ನಿಮಗೆ ಕೇಳಿಸಿರ್ಲಿಲ್ಲ ತಾನೆ?'

'ಕೇಳಿಸಿರ್ಲಿಲ್ಲ' ಅಂದರು ಡಾಕ್ಟರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ. 'ಆದ್ರೆ ಸತ್ತಿದಾನೆ ಅಂತ ಮೊದ್ಲೇ ಹೇಳಿ ಕಳಿಸಿದ್ದು ಇವನೊಬ್ಬನ್ನೇ ಅಲ್ವೇನ್ರೀ?'